ಹೆಸರು ಕಟ್ಟುವ ಕೆಲಸ

ಮುಂಬಯಿಯ ಹಳೆಯ ಚಾಳುಗಳಲ್ಲಿ ಅಡಿಗೆಮನೆಯ ನೆಲ ತೊಳೆಯುವ ಗೃಹಿಣಿಗೆ ‘ಶಹಾಬಾದ್ ಫರಶಿ’ ಎಂದರೇನೆಂದು ಯಾರೂ ವಿವರಿಸಬೇಕಾದುದಿಲ್ಲ. ಬೂದು ಬಣ್ಣದ, ಕಾಲಿಗೆ ತಂಪಾದ ಆ ಕಲ್ಲು ಆಕೆಗೆ ಚಿರಪರಿಚಿತ. ಆದರೆ ಶಹಾಬಾದ್ ಎಂಬುದು ಒಂದು ಊರು, ಅದು ಕಲಬುರಗಿ ಜಿಲ್ಲೆಯಲ್ಲಿದೆ ಎಂಬುದು ಆಕೆಗೆ ತಿಳಿದಿರಬೇಕೆಂದೇನೂ ಇಲ್ಲ. ಊರಿನ ಹೆಸರು ಕಲ್ಲಿನ ಹೆಸರಾಗಿ, ಊರನ್ನೇ ಹಿಂದೆ ಬಿಟ್ಟು ನಡೆದುಹೋಗಿದೆ.

ಈ ಹೆಸರು ಜಾಹೀರಾತಿನಿಂದ ಹುಟ್ಟಿದುದಲ್ಲ. ಸೊಲ್ಲಾಪುರದಿಂದ ರಾಯಚೂರಿನವರೆಗಿನ ರೈಲು ಮಾರ್ಗ 1871ರಲ್ಲಿ ಪೂರ್ಣವಾಯಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮರ ಮಾರ್ಗ ಕವಲೊಡೆಯಿತು. ನೆಲದಡಿಯಲ್ಲಿ ಪದರು ಪದರಾಗಿ ಏಳುವ ಸುಣ್ಣಕಲ್ಲು, ನೆಲದ ಮೇಲೆ ಅದನ್ನು ದೂರದೂರಿಗೆ ಒಯ್ಯುವ ಗೂಡ್ಸ್ ಗಾಡಿ. ಇವೆರಡೂ ಕೂಡಿದ ಕಡೆ ವ್ಯಾಪಾರ ಬೆಳೆಯದೆ ಇದ್ದೀತೆ? ಕಲ್ಲು ಹೋದ ಕಡೆಗೆಲ್ಲ ಊರಿನ ಹೆಸರೂ ಹೋಯಿತು. ಒಂದು ಮನೆಯ ನೆಲ ಚೆನ್ನಾಗಿ ಬಾಳಿದುದನ್ನು ಕಂಡು ನೆರೆಮನೆಯವರು ಅದನ್ನೇ ಕೇಳಿದರು. ಬಾಯಿಂದ ಬಾಯಿಗೆ ಹರಡುವ ಮಾತಿಗಿಂತ ಅಗ್ಗವಾದ, ಅದಕ್ಕಿಂತ ನಂಬಿಕೆಗೆ ಪಾತ್ರವಾದ ಪ್ರಚಾರ ಮತ್ತೊಂದಿಲ್ಲ.

ಆದರೆ ಇಂಥ ಹೆಸರಿಗೆ ಒಂದು ದೌರ್ಬಲ್ಯವೂ ಉಂಟು: ಅದು ಎಲ್ಲರದೂ ಆಗಿ, ಕೊನೆಗೆ ಯಾರದೂ ಆಗದೆ ಉಳಿಯುತ್ತದೆ. ಗಟ್ಟಿ ಪದರಿನ ಕಲ್ಲೂ ಶಹಾಬಾದ್, ಬೇಗ ಚಕ್ಕೆ ಏಳುವ ಕಲ್ಲೂ ಶಹಾಬಾದ್. ಕೊಳ್ಳುವವನಿಗೆ ಎರಡನ್ನೂ ಬೇರ್ಪಡಿಸಿ ತೋರಿಸುವ ಗುರುತು ಕಲ್ಲಿನ ಮೇಲಿಲ್ಲ. ಹೊಳೆಯುವ ಟೈಲ್ಸುಗಳು ಬಣ್ಣದ ಪುಸ್ತಿಕೆ, ನಿಗದಿಯಾದ ಅಳತೆ, ಸಜ್ಜಾದ ಮಳಿಗೆಗಳೊಡನೆ ಪೇಟೆಗೆ ಬಂದಾಗ, ಕಲ್ಲಿನ ಪರವಾಗಿ ಮಾತನಾಡಲು ಯಾರಿದ್ದರು? ಪೈಪೋಟಿಯಲ್ಲಿ ಸೋಲುವುದು ಯಾವಾಗಲೂ ಸರಕೇ ಅಲ್ಲ. ಎಷ್ಟೋ ವೇಳೆ ಸೋಲುವುದು ಸರಕಿನ ಮೌನ. ಆ ಮೌನದ ಬೆಲೆಯನ್ನು ಕೊನೆಗೆ ತೆರುವವನು ಖಣಿಯಲ್ಲಿ ಕಲ್ಲು ಸೀಳುವ ಕೂಲಿಯವನು.

ಅದೇ ಸುಣ್ಣಕಲ್ಲನ್ನು ಸುಟ್ಟು ಪುಡಿ ಮಾಡಿದ ಸಿಮೆಂಟಿನ ಕಥೆ ಬೇರೆ. 1920ರ ದಶಕದಲ್ಲಿ ದೇಶದ ಸಿಮೆಂಟು ಕಾರ್ಖಾನೆಗಳು ಬೇಡಿಕೆಗಿಂತ ಹೆಚ್ಚು ಉತ್ಪಾದಿಸಿ, ಒಬ್ಬರ ಬೆಲೆಯನ್ನು ಇನ್ನೊಬ್ಬರು ಕಡಿದು, ಎಲ್ಲರೂ ನಷ್ಟಕ್ಕೆ ಸಿಕ್ಕಿದರು. ಜನರಿಗೋ ಸ್ವದೇಶದ ಸಿಮೆಂಟಿಗಿಂತ ಹಡಗಿನಲ್ಲಿ ಬಂದುದರ ಮೇಲೆಯೇ ವಿಶ್ವಾಸ. ಆಗ ಉದ್ಯಮಿಗಳು ಮಾಡಿದ ಒಂದು ಕೆಲಸ ಗಮನಾರ್ಹವಾದುದು. 1927ರಲ್ಲಿ ಕಾಂಕ್ರೀಟ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆಯನ್ನು ಕಟ್ಟಿ, ಸಿಮೆಂಟನ್ನು ಹೇಗೆ ಬಳಸಬೇಕೆಂಬುದನ್ನು ಜನರಿಗೆ ಕಲಿಸಲು ಹೊರಟರು. 1930ರಲ್ಲಿ ಎಲ್ಲರ ಮಾರಾಟವನ್ನೂ ನೋಡಿಕೊಳ್ಳುವ ಸಿಮೆಂಟ್ ಮಾರ್ಕೆಟಿಂಗ್ ಕಂಪನಿ ಹುಟ್ಟಿತು. 1936ರಲ್ಲಿ ಹಲವು ಕಂಪನಿಗಳು ಒಂದಾಗಿ ಎ.ಸಿ.ಸಿ. ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅವುಗಳಲ್ಲೊಂದಾಗಿತ್ತು. ವಾಡಿಯ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಕೊಳ್ಳಿರೆಂದು ಕೂಗುವ ಮೊದಲು ಬಳಸುವ ಬಗೆಯನ್ನು ಕಲಿಸಿದುದು ಆ ಹಿರಿಯರ ಜಾಣತನ.

ಮುಂದೆ ಬಹುಕಾಲ ಸಿಮೆಂಟು ಸರಕಾರದ ನಿಯಂತ್ರಣದಲ್ಲಿತ್ತು. ಪರ್ಮಿಟ್ಟಿಗಾಗಿ ಕಚೇರಿಯ ಬಾಗಿಲಲ್ಲಿ ಕಾಯುವವನಿಗೆ ಜಾಹೀರಾತು ಏತಕ್ಕೆ? 1982ರಲ್ಲಿ ನಿಯಂತ್ರಣ ಭಾಗಶಃ ಸಡಿಲಿತು; 1989ರಲ್ಲಿ ಪೂರ್ಣವಾಗಿ ಹೋಯಿತು. ಸೇಡಂ ಮತ್ತು ಮಳಖೇಡದ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದುದು ಅದೇ ದಶಕದಲ್ಲಿ. ಕೊಳ್ಳುವವನು ಕೈಮುಗಿಯುತ್ತಿದ್ದ ಕಾಲ ಹೋಗಿ, ಮಾರುವವನು ಕೈಮುಗಿಯುವ ಕಾಲ ಬಂದಿತು. ಹಳ್ಳಿಯ ಗೋಡೆ ಗೋಡೆಯ ಮೇಲೆ ಸಿಮೆಂಟಿನ ಹೆಸರುಗಳು ಮೂಡಿದುವು.

ಆದರೆ ಗೋಡೆಯ ಬರಹವೊಂದೇ ಸಾಲದೆಂಬುದನ್ನು ಕಂಪನಿಗಳು ಅರಿತವು. ಮಧ್ಯಮ ವರ್ಗದ ಗೃಹಸ್ಥ ಮನೆ ಕಟ್ಟಿಸುವುದು ಬಾಳಿನಲ್ಲಿ ಒಮ್ಮೆ. ಚೀಲಗಳೆಲ್ಲ ಐವತ್ತು ಕಿಲೋ, ಪುಡಿಯೆಲ್ಲ ಬೂದು ಬಣ್ಣ. ಆತ ಯಾವುದನ್ನು ಆರಿಸಿಯಾನು? ಮೇಸ್ತ್ರಿಯನ್ನು ಕೇಳುತ್ತಾನೆ. ಅದಕ್ಕೆಂದೇ ಕಂಪನಿಗಳು ಮೇಸ್ತ್ರಿಗಳ ಸಭೆಗಳನ್ನು ಕೂಡಿಸಿ, ಮಿಶ್ರಣದ ಪ್ರಮಾಣವನ್ನೂ ನೀರುಣಿಸುವ ಕ್ರಮವನ್ನೂ ತಿಳಿಸಿಕೊಡುತ್ತವೆ. ಹಣ ಕೊಡುವವನು ಯಾರು, ನಿರ್ಧರಿಸುವವನು ಯಾರು ಎಂಬುದನ್ನು ಬೇರೆ ಬೇರೆಯಾಗಿ ನೋಡಬಲ್ಲವನೇ ವ್ಯಾಪಾರವನ್ನು ಬಲ್ಲವನು. ಔಷಧದ ಅಂಗಡಿಯಿಂದ ಶಾಲೆಯ ಪುಸ್ತಕದ ಅಂಗಡಿಯವರೆಗೆ ಈ ಮಾತು ನಿಜ.

ಈಗ ಈ ಸೀಮೆಯ ಮುಂದೆ ಇನ್ನೊಂದು ಪರೀಕ್ಷೆ ಇದೆ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಪ್ಪು ಹೊಲಗಳಲ್ಲಿ ಬೆಳೆಯುವ ತೊಗರಿ, ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆಯಿತು. ಚಿಂಚೋಳಿ, ಸೇಡಂಗಳ ಗಡಿಯಾಚೆ, ತೆಲಂಗಾಣದ ತಾಂಡೂರಿನ ತೊಗರಿಗೂ 2022ರಲ್ಲಿ ಅದೇ ಗೌರವ ದೊರೆಯಿತು. ಕಲ್ಲಿಗೆ ಸಿಗದೆ ಹೋದ ರಕ್ಷಣೆ ಕಾಳಿಗೆ ಸಿಕ್ಕಿದೆ. ನೋಂದಾಯಿತ ಬಳಕೆದಾರರಲ್ಲದವರು ಈ ಹೆಸರನ್ನು ತಮ್ಮ ಸರಕಿಗೆ ಹಚ್ಚುವಂತಿಲ್ಲ. ನೋಂದಣಿಯ ಅವಧಿ ಹತ್ತು ವರ್ಷ, ಬಳಿಕ ನವೀಕರಿಸಬೇಕು.

ಆದರೆ ಕಾನೂನು ಹೆಸರನ್ನು ಕಾಯಬಲ್ಲುದೇ ಹೊರತು ಕಟ್ಟಲಾರದು. ರೈತನ ತೊಗರಿ ಅಡತಿ ಅಂಗಡಿ ದಾಟಿ, ಮಿಲ್ಲಿನಲ್ಲಿ ಹತ್ತೂರಿನ ಕಾಳಿನೊಡನೆ ಬೆರೆತು, ಹೆಸರಿಲ್ಲದ ಚೀಲದಲ್ಲಿ ಬೆಂಗಳೂರನ್ನು ಸೇರಿದರೆ, ಮಾನ್ಯತೆಯ ಪತ್ರ ಗೋಡೆಯ ಮೇಲೆಯೇ ಉಳಿಯುತ್ತದೆ. ಬೇಳೆ ಯಾವ ಊರಿನದು, ಯಾವ ವರ್ಷದ ಬೆಳೆ, ಯಾವ ಮಿಲ್ಲಿನದು ಎಂಬುದು ಪೊಟ್ಟಣದ ಮೇಲೆ ಕನ್ನಡದಲ್ಲಿ ಸ್ಪಷ್ಟವಾಗಿರಬೇಕು. ಬೇಗ ಬೇಯುತ್ತದೆ ಎಂದು ಹೇಳಿದ ಮೇಲೆ ಅದು ಪ್ರತಿ ಸಲವೂ ಬೇಗ ಬೇಯಬೇಕು. ಗೃಹಿಣಿಯ ಒಲೆಯ ಮುಂದೆ ಸುಳ್ಳಾಗುವ ಮಾತನ್ನು ಯಾವ ಚಿತ್ರವೂ ನಿಜ ಮಾಡಲಾರದು. ದೂರು ಹೇಳಬೇಕಾದ ವಿಳಾಸವನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವುದು ಕಾನೂನಿನ ಕಟ್ಟಳೆ. ಬಂದ ದೂರಿಗೆ ಮರುದಿನವೇ ಉತ್ತರ ಕೊಡುವುದು ವ್ಯಾಪಾರದ ಧರ್ಮ.

ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ತೀರದ ಸನ್ನತಿಯ ಬಳಿ ಕನಗನಹಳ್ಳಿ ಎಂಬ ಊರಿದೆ. ಅಲ್ಲಿಯ ಬೌದ್ಧ ಸ್ತೂಪದ ಅವಶೇಷಗಳಲ್ಲಿ ರಾಜನೊಬ್ಬ ರಾಣಿಯೊಡನೆ ನಿಂತಿರುವ ಸುಣ್ಣಕಲ್ಲಿನ ಶಿಲ್ಪವೊಂದು ದೊರೆಯಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಎರಡೇ ಪದಗಳು: ‘ರಾಯೋ ಅಸೋಕೋ’. ಆ ಎರಡು ಪದಗಳಿಲ್ಲದಿದ್ದರೆ ಆತ ಯಾರೋ ಒಬ್ಬ ರಾಜನಾಗಿ ಉಳಿಯುತ್ತಿದ್ದ. ಹೆಸರನ್ನು ಚಿತ್ರದ ಜೊತೆಯಲ್ಲಿಯೇ ಕೆತ್ತಿಟ್ಟ ಆ ಶಿಲ್ಪಿಯ ವಿವೇಕ, ಅದೇ ನೆಲದ ಕಲ್ಲನ್ನೂ ಬೇಳೆಯನ್ನೂ ಮಾರುವವರಿಗೆ ಇಂದು ಬೇಕಾಗಿದೆ.