ತೊದಲ್ನುಡಿ ತಡವಾದಾಗ

ಶಿಶುವಿನ ಬೆಳವಣಿಗೆಯನ್ನು ಕುರಿತು ಕನ್ನಡದಲ್ಲಿ ಎಷ್ಟು ಚೆಲುವಾದ ಮಾತುಗಳಿವೆ! ಬೋರಲು ಬೀಳುವುದು, ಅಂಬೆಗಾಲು, ತಪ್ಪುಹೆಜ್ಜೆ, ತೊದಲ್ನುಡಿ. ಮಗು ಮೊದಲ ಸಲ ಹೊಸಿಲು ದಾಟಿದ ದಿನ ಹೊಸಿಲನ್ನು ಪೂಜಿಸಿ ಸಿಹಿ ಹಂಚುವ ಮನೆಗಳು ಇಂದಿಗೂ ಇವೆ. ಯಾವುದು ಯಾವಾಗ ಆಗಬೇಕೆಂಬುದರ ಒಂದು ಪಂಚಾಂಗವೇ ನಮ್ಮ ಅಜ್ಜಿಯರ ನಾಲಗೆಯ ಮೇಲಿತ್ತು. ಆದರೆ ಆ ಪಂಚಾಂಗದ ತಿಥಿ ತಪ್ಪಿದಾಗ ಹೇಳುವುದಕ್ಕೆ ಮಾತ್ರ ನಮ್ಮಲ್ಲಿ ಒಂದೇ ಮಾತು: “ತಡವಾದರೂ ಬರುತ್ತದೆ, ಬಿಡು.”

ಈ ಮಾತನ್ನು ನಾನೂ ಆಡಿದ್ದೇನೆ. ನನ್ನ ತಂಗಿಯ ಮಗನಿಗೆ ಎರಡು ವರ್ಷ ತುಂಬಿತ್ತು, ‘ಅಮ್ಮ’ ಎಂದಿರಲಿಲ್ಲ. “ಅಣ್ಣ, ಇವನು ಕರೆದರೆ ತಿರುಗುವುದಿಲ್ಲ” ಎಂದು ಅವಳು ಅಳುಕುತ್ತ ಹೇಳಿದಾಗ, ಗಂಡುಹುಡುಗರಿಗೆ ಮಾತು ತಡವೆಂದು ಸಮಾಧಾನ ಹೇಳಿದೆ. ಪಾತ್ರೆ ಬಿದ್ದರೆ ತಿರುಗುತ್ತಾನಲ್ಲ ಎಂದು ವಾದಿಸಿದೆ. ನೆಲದ ಅದುರನ್ನು ಮೈ ಅರಿಯಬಲ್ಲುದೆಂಬುದು ಹೊಳೆಯಲಿಲ್ಲ. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಇತರ ಕೂಸುಗಳಂತೆಯೇ ದನಿಮಾಡುತ್ತದೆ. ಮನೆಯವರು ಮೋಸಹೋಗುವುದು ಅದರಿಂದಲೇ. ಕಡೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದೊಯ್ದಾಗ ಅವನಿಗೆ ನಾಲ್ಕು ವರ್ಷ.

ಮಲಗಿರುವ ಹಸುಗೂಸಿನ ಕಿವಿಯಲ್ಲಿ ಒಂದು ಸಣ್ಣ ಉಪಕರಣವನ್ನಿಟ್ಟು ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸಬಹುದೆಂದು ಅಲ್ಲಿ ತಿಳಿಯಿತು. 1 ತಿಂಗಳೊಳಗೆ ಪರೀಕ್ಷೆ, 3 ತಿಂಗಳೊಳಗೆ ನಿರ್ಧಾರ, 6 ತಿಂಗಳೊಳಗೆ ಶ್ರವಣಸಾಧನ ಮತ್ತು ಶಿಕ್ಷಣ: ಇದು ತಜ್ಞರ ಲೆಕ್ಕ. ಮಾತನ್ನು ಹೀರಿಕೊಳ್ಳುವ ಶಕ್ತಿ ಮಿದುಳಿಗೆ ಎಳೆಯ ವರ್ಷಗಳಲ್ಲಿ ಇದ್ದಷ್ಟು ಮುಂದೆ ಇರುವುದಿಲ್ಲ. ಕಿವಿಯೊಂದೇ ಅಲ್ಲ, ಒಂಬತ್ತು ತಿಂಗಳಾದರೂ ಆಧಾರವಿಲ್ಲದೆ ಕೂರದ, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳು ಮಾಡಿ ತೋರಿಸದ, ಎರಡು ತುಂಬಿದರೂ ಎರಡು ಪದ ಕೂಡಿಸದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ತೋರಿಸಿದ ಮೇಲೆ ಏನೂ ಇಲ್ಲವೆಂದಾದರೆ ನಷ್ಟವೇನು? ಒಂದು ದಿನದ ಬಸ್ಸಿನ ಖರ್ಚು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರಬೇಕು. ಬಂದ ದಿನ ಮಗು ಅಲ್ಲಿ ಇರಬೇಕಷ್ಟೆ! ಎಷ್ಟೋ ಮನೆಗಳಲ್ಲಿ ಅಂಥ ಮಗುವನ್ನೇ ಆ ದಿನ ಕಳುಹಿಸುವುದಿಲ್ಲ. ಊರು ಅದಕ್ಕೊಂದು ಹೆಸರು ಕಟ್ಟೀತೆಂಬ ಭಯ. ಈ ಭಯವನ್ನು ನಾನು ಹಳಿಯಲಾರೆ; ಮೂಗ, ಪೆದ್ದ, ಮೊದ್ದು ಎಂಬ ಮಾತುಗಳನ್ನು ಬೈಗುಳಾಗಿ ಬಳಸುವ ಭಾಷೆಯೇ ನಮ್ಮದು. ನಾವು ಪಂಡಿತರಾದರೋ ಅಂಗವಿಕಲ ಸರಿಯೋ, ವಿಕಲಚೇತನ ಸರಿಯೋ, ದಿವ್ಯಾಂಗ ಸರಿಯೋ ಎಂದು ಚರ್ಚಿಸುತ್ತೇವೆ. ನಾನೂ ಒಂದು ಗೋಷ್ಠಿಯಲ್ಲಿ ಅರ್ಧ ಗಂಟೆ ಇದೇ ಮಾತನಾಡಿದ್ದೇನೆ. ನನ್ನ ತಂಗಿಯ ಮಗನ ಎರಡು ವರ್ಷ ಕಳೆದುಹೋದುದು ಆ ಕಾಲದಲ್ಲಿಯೇ.

ತಾಯಿಗೆ ಸಂದೇಹ ಮೊದಲು ಬರುತ್ತದೆ. ಅದನ್ನು ಅಡಗಿಸುವವರು ನಾವು: ಅಣ್ಣ, ಅತ್ತೆ, ನೆರೆಯವರು, ಕೆಲವೊಮ್ಮೆ ಉಪಾಧ್ಯಾಯರು. “ಅಧ್ಯಾಪಕರೇ ಹೇಳಿದರಲ್ಲ” ಎಂದು ಅವಳು ಸುಮ್ಮನಾದಳಂತೆ.

ಹುಡುಗನಿಗೀಗ ಹನ್ನೊಂದು. ನನ್ನನ್ನು ‘ಮಾಮ’ ಎಂದು ಕರೆಯುತ್ತಾನೆ. ತುಟಿಯನ್ನು ನೋಡಿ ಕಲಿತ ಮಕಾರ ಸ್ಪಷ್ಟವಾಗಿದೆ. ಸಕಾರ ಇನ್ನೂ ಹಿಡಿತಕ್ಕೆ ಬಂದಿಲ್ಲ. ವಾರಕ್ಕೆರಡು ಸಲ ಕನ್ನಡಿಯ ಮುಂದೆ ಅವನೊಡನೆ ಕುಳಿತು ನಾನೂ ‘ಸ’ ಎನ್ನುತ್ತೇನೆ.