ಬೈಕಲಾದ ವಸ್ತುಸಂಗ್ರಹಾಲಯ ಮತ್ತು ಹೆಸರಿಲ್ಲದ ಕೈಗಳು

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಆ ಸಂಸ್ಥೆಗೆ ಆ ಹೆಸರು ಬಂದದ್ದು 1899ರಲ್ಲಿ. ಅದಕ್ಕೂ ಇಪ್ಪತ್ತೇಳು ವರ್ಷ ಮೊದಲೇ, 1872ರ ಮೇ 2ರಂದು, ಅದೇ ಹೆಸರನ್ನು ಹೊತ್ತ ವಸ್ತುಸಂಗ್ರಹಾಲಯವೊಂದು ನಮ್ಮ ಮುಂಬಯಿಯ ಬೈಕಲಾದಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದಿತ್ತು. ಇಂದು ಅದು ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ. ರಾಣಿಬಾಗಿಗೆ ಮಕ್ಕಳ ಕೈಹಿಡಿದು ಹೋಗದ ಮುಂಬಯಿ ಕನ್ನಡಿಗನಿಲ್ಲ. ಆದರೆ ಆನೆ, ಕರಡಿ, ನೀರಾನೆಗಳನ್ನು ನೋಡಿ, ನೆಲಗಡಲೆ ತಿಂದು ಮರಳುವ ನಮ್ಮಲ್ಲಿ ಎಷ್ಟು ಮಂದಿ ಆ ಉದ್ಯಾನದ ಮಗ್ಗುಲಲ್ಲೇ ಇರುವ ಈ ಕಟ್ಟಡದ ಮೆಟ್ಟಿಲು ಹತ್ತಿದ್ದೇವೆ? ಈ ಪ್ರಶ್ನೆಯನ್ನು ನಾನು ಹಲವು ಮಿತ್ರರಲ್ಲಿ ಕೇಳಿದ್ದುಂಟು. ಮುಗುಳ್ನಗೆಯೇ ಉತ್ತರವಾಗಿ ದೊರೆತಿದೆ.

ಕನ್ನಡ ಸಂಘದ ತ್ರೈಮಾಸಿಕಕ್ಕೂ ಇಂಗ್ಲೆಂಡಿನ ರಾಣಿಯ ಹೆಸರಿನಲ್ಲಿ ಹುಟ್ಟಿದ ವಸ್ತುಶಾಲೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ, ಅದು ಬೆಳಗಾವಿಯಿಂದ ಆರಂಭವಾಗಿ ಕುಮಟೆಯ ಬಂದರಿನ ಮೂಲಕ ಹಾದುಹೋಗುತ್ತದೆ.

1851ರಲ್ಲಿ ಲಂಡನ್ನಿನಲ್ಲಿ ಜರುಗಿದ ಮಹಾಪ್ರದರ್ಶನ ಯುರೋಪಿನ ಕಣ್ಣು ತೆರೆಸಿತು ಎನ್ನುತ್ತಾರೆ. ಯಂತ್ರಗಳ ಉತ್ಸವವಾಗಿ ಯೋಜಿತವಾಗಿದ್ದ ಅಲ್ಲಿ ಭಾರತದ ಬಟ್ಟೆ, ಲೋಹ, ದಂತ, ಮರಗೆಲಸಗಳು ಜನರನ್ನು ಬೆರಗುಗೊಳಿಸಿದವು. ಬೀದರಿನ ಕುಶಲಕರ್ಮಿಗಳ ಬಿದ್ರಿ ಪಾತ್ರೆಗಳೂ ಅಲ್ಲಿದ್ದವು. ನಾಲ್ಕು ವರ್ಷಗಳ ಬಳಿಕ, 1855ರಲ್ಲಿ, ಪ್ಯಾರಿಸ್ಸಿನ ಸರದಿ. ಆ ಪ್ರದರ್ಶನಕ್ಕೆ ಮುಂಬಯಿ ಪ್ರಾಂತದಿಂದ ವಸ್ತುಗಳನ್ನು ಆಯ್ದು ಕಳುಹಿಸುವಾಗ ಅವುಗಳ ಜೋಡಿ ಮಾದರಿಗಳನ್ನು ಇಲ್ಲಿಯೇ ಇರಿಸಿಕೊಳ್ಳಲಾಯಿತು. ಕೋಟೆ ಪ್ರದೇಶದ ಟೌನ್ ಬ್ಯಾರಕ್ಸ್ ಕಟ್ಟಡದಲ್ಲಿ ನೆಲೆಗೊಂಡ ಆ ಜೋಡಿ ವಸ್ತುಗಳ ಸಂಗ್ರಹವೇ ಸರಕಾರಿ ಕೇಂದ್ರ ವಸ್ತುಸಂಗ್ರಹಾಲಯ; ಬೈಕಲಾದ ಸಂಸ್ಥೆಯ ಬೀಜ. ಅದರ ಮೊದಲ ಹೊಣೆ ಹೊತ್ತವರು ಪತ್ರಕರ್ತ ಡಾ. ಜಾರ್ಜ್ ಬ್ಯೂಸ್ಟ್.

ಈ ಸಂಗ್ರಹದ ಉದ್ದೇಶ ಸೌಂದರ್ಯಾರಾಧನೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಈ ನೆಲದಲ್ಲಿ ಏನು ಬೆಳೆಯುತ್ತದೆ, ಯಾವ ನಾರು, ಯಾವ ಎಣ್ಣೆ, ಯಾವ ಬಣ್ಣ ದೊರೆಯುತ್ತದೆ, ಇಲ್ಲಿಯ ಜನ ಎಂತಹ ಸೀರೆಯನ್ನು ಮೆಚ್ಚುತ್ತಾರೆ ಎಂಬುದನ್ನು ವ್ಯಾಪಾರಿಗೆ ತೋರಿಸುವ ಮಾದರಿಗಳ ಪೆಟ್ಟಿಗೆ ಅದು. ಇದೇ ಧೋರಣೆ 1866ರಲ್ಲಿ ಫೋರ್ಬ್ಸ್ ವಾಟ್ಸನ್ ಸಿದ್ಧಪಡಿಸಿದ ಹದಿನೆಂಟು ಸಂಪುಟಗಳಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಭಾರತೀಯ ಬಟ್ಟೆಗಳ 700 ತುಣುಕುಗಳನ್ನು ಅಂಟಿಸಿದ ಆ ಸಂಪುಟಗಳ ಇಪ್ಪತ್ತು ಕಟ್ಟುಗಳಲ್ಲಿ ಹದಿಮೂರು ಬ್ರಿಟನ್ನಿನಲ್ಲೇ ಉಳಿದವು, ಏಳು ಮಾತ್ರ ಭಾರತಕ್ಕೆ ಬಂದವು. ನೇಕಾರನ ವಿನ್ಯಾಸವನ್ನು ಕಂಡು ಮ್ಯಾಂಚೆಸ್ಟರಿನ ಗಿರಣಿ ನೇಯಬೇಕು, ಆ ನೇಯ್ಗೆಯನ್ನು ನೇಕಾರನ ಊರಿನಲ್ಲೇ ಮಾರಬೇಕು. ಇಷ್ಟೇ ಲೆಕ್ಕ.

1857 ಬಂದಿತು. ದಂಗೆಯ ದಿನಗಳಲ್ಲಿ ಸೈನಿಕರ ವಸತಿಗೆ ಬ್ಯಾರಕ್ಸ್ ಬೇಕಾಯಿತು. ವಸ್ತುಗಳನ್ನು ಅವಸರದಲ್ಲಿ ಹೊರಸಾಗಿಸಲಾಯಿತು. ಎಷ್ಟೋ ಒಡೆದವು, ಎಷ್ಟೋ ಕಳೆದುಹೋದವು. ಭಾರತೀಯರ ವಿರುದ್ಧ ಕಟುವಾಗಿ ಬರೆದ ಬ್ಯೂಸ್ಟ್ ತಮ್ಮ ಪತ್ರಿಕೆಯ ಸಂಪಾದಕತ್ವವನ್ನೂ ಕಳೆದುಕೊಂಡರು. ಉಳಿದ ಚೂರುಪಾರನ್ನು ಒಟ್ಟುಗೂಡಿಸುವ ಕೆಲಸ 1858ರಲ್ಲಿ ಜಾರ್ಜ್ ಬರ್ಡ್‌ವುಡ್ ಎಂಬ ತರುಣ ವೈದ್ಯನ ಪಾಲಿಗೆ ಬಂದಿತು.

ಈ ಬರ್ಡ್‌ವುಡ್ ಹುಟ್ಟಿದ್ದು 1832ರಲ್ಲಿ, ನಮ್ಮ ಬೆಳಗಾವಿಯಲ್ಲಿ. ಸೈನ್ಯಾಧಿಕಾರಿಯ ಮಗ. ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದು 1854ರಲ್ಲಿ ಮುಂಬಯಿ ವೈದ್ಯಕೀಯ ಸೇವೆಗೆ ಸೇರಿದವರು. ಗಡಿಯ ವಿಚಾರ ಬಂದಾಗ ಬೆಳಗಾವಿಯ ಹೆಸರೆತ್ತಿ ಆವೇಶಗೊಳ್ಳುವ ನಾವು ಈ ಬೆಳಗಾವಿಗನನ್ನು ಅರಿತದ್ದು ಕಡಿಮೆ. ಅವರು ಸಂಗ್ರಹಾಲಯದ ಸಸ್ಯಜನ್ಯ ಪದಾರ್ಥಗಳ ಪಟ್ಟಿಯನ್ನು 1862ರಲ್ಲಿ ಪ್ರಕಟಿಸಿದರು. ಹೊಸ ಕಟ್ಟಡಕ್ಕಾಗಿ ನಗರದ ಧನಿಕರ ಮನೆಬಾಗಿಲು ತಟ್ಟಿದರು. ಆರೋಗ್ಯ ಕೆಟ್ಟು 1868ರಲ್ಲಿ ದೇಶ ಬಿಡುವವರೆಗೂ ಅದೇ ಧ್ಯಾನದಲ್ಲಿದ್ದರು.

1858ರ ಕೊನೆಯಲ್ಲಿ ಜಗನ್ನಾಥ ಶಂಕರಶೇಟರ ಅಧ್ಯಕ್ಷತೆಯಲ್ಲಿ ನಾಗರಿಕರ ಸಭೆ ಸೇರಿತು. ಕಂಪನಿಯ ಆಳ್ವಿಕೆ ಕೊನೆಗೊಂಡು ಆಡಳಿತ ರಾಣಿಯ ಕೈಗೆ ಬಂದ ವರ್ಷವದು. ರಾಣಿಯ ಹೆಸರಿನಲ್ಲಿ ಒಂದು ಉದ್ಯಾನ, ಒಂದು ವಸ್ತುಶಾಲೆ ಎಂದು ನಿಶ್ಚಯವಾಯಿತು. ರಾಜನಿಷ್ಠೆಯ ಪ್ರದರ್ಶನವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ದಂಗೆಯ ಮರುವರ್ಷ, ಸಂಶಯ ದಟ್ಟವಾಗಿದ್ದ ಗಳಿಗೆಯಲ್ಲಿ, ಸಾರ್ವಜನಿಕ ಸಂಸ್ಥೆಯೊಂದನ್ನು ಕಟ್ಟಿಕೊಳ್ಳಲು ನಗರದ ಹಿರಿಯರಿಗೆ ದೊರೆತ ದಾರಿ ಅದೊಂದೇ ಆಗಿತ್ತೇನೋ ಎಂದು ನನಗೆ ಅನ್ನಿಸುತ್ತದೆ. ಡೇವಿಡ್ ಸಾಸೂನರಂಥವರು ದೇಣಿಗೆ ನೀಡಿದರು. ಸಮಿತಿಯ ಕಾರ್ಯದರ್ಶಿಗಳಲ್ಲೊಬ್ಬರಾಗಿ ದುಡಿದವರು ಡಾ. ಭಾವು ದಾಜಿ. 1862ರ ನವೆಂಬರ್ 19ರಂದು ಗವರ್ನರ್ ಸರ್ ಬಾರ್ಟಲ್ ಫ್ರೇರ್ ಅಡಿಗಲ್ಲು ಇಟ್ಟರು.

ಆ ಅಡಿಗಲ್ಲಿನ ಕೆಳಗಿದ್ದದ್ದು ಹತ್ತಿ. ಅಮೆರಿಕೆಯ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತು, ಲ್ಯಾಂಕಾಶೈರಿನ ಗಿರಣಿಗಳು ಭಾರತದ ಕಡೆ ಕೈಚಾಚಿದ ಕಾಲವದು. ಧಾರವಾಡದ ಕರಿಮಣ್ಣಿನಲ್ಲಿ ಬೆಳೆದ ಹತ್ತಿ ಘಟ್ಟವಿಳಿದು ಕುಮಟೆಗೆ ಬಂದು, ಹಡಗೇರಿ ಮುಂಬಯಿಯ ಮಾರುಕಟ್ಟೆ ಸೇರುತ್ತಿತ್ತು. ಲಿವರ್‌ಪೂಲಿನ ವರ್ತಕರಿಗೆ ‘ಕುಮಟಾ’ ಎಂದರೆ ಊರಲ್ಲ, ಹತ್ತಿಯ ತಳಿ. ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದೂ ಅದೇ 1862ರಲ್ಲಿ. ಕಾರವಾರದ ಬಂದರು ಬೆಳೆದದ್ದೂ ಈ ಹತ್ತಿಯ ಆಸೆಯಿಂದಲೇ. ಮುಂಬಯಿಯ ವರ್ತಕರು ಉದಾರವಾಗಿ ಕೊಟ್ಟ ಹಣದಲ್ಲಿ ನಮ್ಮ ರೈತನ ಬೆವರಿನ ಅಂಶವೂ ಇತ್ತೆಂದರೆ ಅತಿಶಯೋಕ್ತಿಯಲ್ಲ. ದೇಣಿಗೆದಾರರ ಪಟ್ಟಿಯಲ್ಲಿ ಅವನಿಗೆ ಸ್ಥಳವಿರಲಿಲ್ಲ, ಅಷ್ಟೆ.

1865ರಲ್ಲಿ ಯುದ್ಧ ನಿಂತಿತು, ಹತ್ತಿಯ ಬೆಲೆ ಕುಸಿಯಿತು, ಷೇರುಪೇಟೆಯ ಹುಚ್ಚು ಒಂದೇ ಬೇಸಿಗೆಯಲ್ಲಿ ಇಳಿಯಿತು. ಕೋಟ್ಯಧೀಶರು ದಿವಾಳಿಯಾದರು. ಗೋಡೆಗಳು ಅರ್ಧಕ್ಕೇ ನಿಂತವು. ಮೂಲ ನಕ್ಷೆ ತಯಾರಿಸಿದ್ದ ವಿಲಿಯಂ ಟ್ರೇಸಿಯವರು ತೀರಿಕೊಂಡು, ಕೆಲಸ ಬೇರೆಯವರ ಕೈಗೆ ಹೋಯಿತು. ಕೊನೆಗೆ ಉಳಿದ ವೆಚ್ಚವನ್ನು ಸರಕಾರವೇ ವಹಿಸಿ ಪೂರ್ಣಗೊಳಿಸಿತು. ಹೊರಗೆ ಇಟಲಿಯ ಹಳೆಯ ಶೈಲಿಯ ಗಂಭೀರ ಮುಖ. ಒಳಗೆ ಎರಕದ ಕಬ್ಬಿಣದ ಕಂಬಗಳು, ಕುಸುರಿಯ ಕಟಾಂಜನ, ಇಂಗ್ಲೆಂಡಿನ ಮಿಂಟನ್ ಹೆಂಚುಗಳ ನೆಲ, ಚಿನ್ನದ ಲೇಪ. ಭಾರತದ ಕೈಗೆಲಸವನ್ನು ಪ್ರದರ್ಶಿಸಲು ಇಂಗ್ಲೆಂಡಿನ ಕಾರ್ಖಾನೆಯ ಸೊಬಗನ್ನೇ ತಂದು ಮನೆ ಕಟ್ಟಿದ ಈ ವಿಪರ್ಯಾಸವನ್ನು ಅಂದಿನವರು ಗಮನಿಸಿದರೋ ಇಲ್ಲವೋ!

ವಸ್ತುಸಂಗ್ರಹದ ಉತ್ಸಾಹಕ್ಕೆ ಇನ್ನೊಂದು ಮುಖವೂ ಇತ್ತು. ಘಾರಾಪುರಿ ದ್ವೀಪದ ಕಲ್ಲಿನ ಆನೆಯನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೊರಟು, ಎತ್ತುವಾಗ ಸರಪಳಿ ಹರಿದು ಅದು ಚೂರಾಯಿತು. ಚೂರುಗಳು ಈ ಉದ್ಯಾನಕ್ಕೆ ಬಂದವು. 1914ರಲ್ಲಿ ಅವನ್ನು ಜೋಡಿಸಿ ನಿಲ್ಲಿಸಲಾಯಿತು. ದ್ವೀಪಕ್ಕೆ ‘ಎಲಿಫೆಂಟಾ’ ಎಂಬ ಹೆಸರನ್ನು ಕೊಟ್ಟ ಆನೆ ದ್ವೀಪದಲ್ಲಿಲ್ಲ, ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ.

ಈಗ ಬರ್ಡ್‌ವುಡ್‌ರ ವಿಷಯಕ್ಕೆ ಮರಳುತ್ತೇನೆ. 1880ರಲ್ಲಿ ಅವರು ಭಾರತದ ಕೈಗಾರಿಕಾ ಕಲೆಗಳನ್ನು ಕುರಿತು ಬರೆದ ಗ್ರಂಥ ಇಂದಿಗೂ ಮಹತ್ವದ ಆಕರ. ಹಳ್ಳಿಯ ಕುಂಬಾರ, ಅಕ್ಕಸಾಲಿ, ನೇಕಾರರನ್ನು ಅಷ್ಟು ಪ್ರೀತಿಯಿಂದ ಕಂಡ ಇಂಗ್ಲಿಷರು ವಿರಳ. ಯಂತ್ರಗಳಿಂದ ಈ ಕಸುಬುಗಳಿಗೆ ಬಂದ ಕುತ್ತನ್ನೂ ಅವರು ಬಲ್ಲವರಾಗಿದ್ದರು. ಆದರೆ ಅದೇ ಮನುಷ್ಯ 1910ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ, ಜಾವಾದ ಧ್ಯಾನಸ್ಥ ಬುದ್ಧನ ವಿಗ್ರಹವನ್ನು ಕೊಬ್ಬು ಹಾಕಿ ಬೇಯಿಸಿದ ಕಡುಬಿಗೆ ಹೋಲಿಸಿ, ಭಾರತದಲ್ಲಿ ಲಲಿತಕಲೆಯೆಂಬುದೇ ಇಲ್ಲವೆಂದರು. ಹದಿಮೂರು ಮಂದಿ ಕಲಾವಿದರೂ ವಿಮರ್ಶಕರೂ ಪತ್ರಿಕೆಯಲ್ಲಿ ಪ್ರತಿಭಟಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಇಂಡಿಯಾ ಸೊಸೈಟಿ ಹುಟ್ಟಿಕೊಂಡಿತು.

ಈ ಎರಡು ಮಾತುಗಳು ಒಬ್ಬನ ಬಾಯಿಂದ ಹೇಗೆ ಬಂದವು? ಇದನ್ನು ಮುಪ್ಪಿನ ಮೊಂಡುತನವೆಂದು ಕೈಬಿಡಲು ನಾನು ಸಿದ್ಧನಿಲ್ಲ. ಬೈಕಲಾದಂಥ ಸಂಗ್ರಹಾಲಯಗಳ ತಳಹದಿಯಲ್ಲೇ ಆ ಇಬ್ಬಗೆಯಿದೆ. ಅಲ್ಲಿ ವಸ್ತುವಿಗೆ ಊರಿನ ಹೆಸರಿದೆ, ಜಾತಿಯ ಹೆಸರಿದೆ, ಕಸುಬಿನ ಹೆಸರಿದೆ, ಮಾಡಿದವನ ಹೆಸರಿಲ್ಲ. ತಲೆತಲಾಂತರದಿಂದ ಬಂದ ಅಭ್ಯಾಸಬಲದಿಂದ ಕೈಗಳು ತಾವಾಗಿ ಕೆಲಸ ಮಾಡುತ್ತವೆ, ಅವುಗಳ ಹಿಂದೆ ಯೋಚಿಸುವ ವ್ಯಕ್ತಿಯಿಲ್ಲ ಎಂಬ ನಂಬಿಕೆ ಅದು. ಯೋಚಿಸುವವನಿಲ್ಲದ ಮೇಲೆ ಲಲಿತಕಲೆ ಎಲ್ಲಿಂದ ಬಂದೀತು? ಗಂಧದ ಕೆತ್ತನೆಯೆಂದರೆ ನಮಗೆ ನೆನಪಾಗುವವರು ಸಿರ್ಸಿ, ಕುಮಟಾ, ಹೊನ್ನಾವರ, ಸೊರಬ, ಸಾಗರದ ಗುಡಿಗಾರರು. ಸಾಮ್ರಾಜ್ಯದ ಪ್ರದರ್ಶನಗಳಲ್ಲಿ ಅವರ ಪೆಟ್ಟಿಗೆಗಳಿಗೆ ಬಹುಮಾನ ಬಂದರೂ ‘ಕೆನರಾ ಕೆಲಸ’, ‘ಮೈಸೂರು ಕೆಲಸ’ ಎಂಬ ಚೀಟಿಯ ಆಚೆಗೆ ಉಳಿದ ಹೆಸರುಗಳು ಬಲು ಕಡಿಮೆ. ಇದಕ್ಕೆ ಇಂಗ್ಲಿಷರನ್ನಷ್ಟೇ ದೂರುವುದೂ ನ್ಯಾಯವಲ್ಲ. ಗುಡಿಗಾರನ ಹೆಸರನ್ನು ಕೇಳಿ ಬರೆದಿಟ್ಟ ಕನ್ನಡಿಗರಾದರೂ ಎಷ್ಟಿದ್ದರು?

1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯ ತೆರೆದ ಬಳಿಕ ಬೈಕಲಾ ಹಿಂದೆ ಸರಿಯಿತು. ದಶಕಗಳ ಅನಾದರ, ಮಳೆಗಾಲದ ತೇವ, ಧೂಳು. 1975ರಲ್ಲಿ ಭಾವು ದಾಜಿಯವರ ಹೆಸರಿಟ್ಟರೂ ಸ್ಥಿತಿ ಸುಧಾರಿಸಲಿಲ್ಲ. 2003ರಲ್ಲಿ ಮಹಾನಗರಪಾಲಿಕೆ, ಇಂಟ್ಯಾಕ್ ಮತ್ತು ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನಗಳ ಒಪ್ಪಂದದಿಂದ ಜೀರ್ಣೋದ್ಧಾರ ಆರಂಭವಾಗಿ, 2005ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಬಂದು, 2008ರಲ್ಲಿ ಸಂಗ್ರಹಾಲಯ ಮತ್ತೆ ತೆರೆಯಿತು.

ಆ ಮರುನಾಮಕರಣ ನನಗೆ ಸರಿಯೆನಿಸುತ್ತದೆ. ರಾಣಿ ಈ ಕಟ್ಟಡಕ್ಕಾಗಿ ಏನೂ ಮಾಡಲಿಲ್ಲ. ಭಾವು ದಾಜಿ ಮಾಡಿದರು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಮೊದಲ ತಂಡದ ಪದವೀಧರ, ಶಾಸನಗಳ ವಿದ್ವಾಂಸ, ಮುಂಬಯಿಯ ಮೊದಲ ಭಾರತೀಯ ಶೆರಿಫ್. ಕಟ್ಟಡ ತೆರೆದ ಎರಡೇ ವರ್ಷಗಳಲ್ಲಿ, 1874ರಲ್ಲಿ, ಅವರು ಕಾಲವಾದರು. ಅವರು ಹುಟ್ಟಿದ್ದು ಗೋವೆಯ ಮಾಂದ್ರೆಯಲ್ಲಿ. ಸಾಸೂನರು ಬಾಗ್ದಾದಿನಿಂದ ಬಂದವರು. ಬರ್ಡ್‌ವುಡ್ ಬೆಳಗಾವಿಯವರು. ‘ಹೊರಗಿನವರು’ ಎಂಬ ಮಾತು ಈ ನಗರದಲ್ಲಿ ಆಗಾಗ ಕೇಳಿಬರುತ್ತದೆ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದ ದಿನಗಳನ್ನು ನಮ್ಮ ಹಿರಿಯರು ಮರೆತಿಲ್ಲ. ಆದರೆ ಈ ನಗರದ ಸ್ಮೃತಿಭಂಡಾರವನ್ನು ಕಟ್ಟಿದವರಲ್ಲಿ ಎಷ್ಟು ಮಂದಿ ಒಳಗಿನವರು?

ಇಲ್ಲಿ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಮಾತೂ ಇದೆ. ಗಿರಣಿಗಳಲ್ಲಿ ದುಡಿದ, ಹೋಟೆಲುಗಳಲ್ಲಿ ತಟ್ಟೆ ತೊಳೆದು ರಾತ್ರಿಶಾಲೆಗಳಲ್ಲಿ ಓದಿದ, ಭಜನಾ ಮಂಡಳಿ ಮತ್ತು ಯಕ್ಷಗಾನ ಮೇಳ ಕಟ್ಟಿದ ಕನ್ನಡಿಗರ ತಲೆಮಾರೊಂದು ಬಹುತೇಕ ಮರೆಯಾಗಿದೆ. ಅವರು ಬಳಸಿದ ರುಬ್ಬುಗುಂಡು, ರಾತ್ರಿಶಾಲೆಯ ಹಾಜರಿ ಪುಸ್ತಕ, ಚೌಕಿಯ ಕಿರೀಟ, ಊರಿಗೆ ಬರೆದ ಮನಿಆರ್ಡರಿನ ರಶೀದಿ ಇವೆಲ್ಲ ಗುಜರಿ ಸೇರುತ್ತಿವೆ. ಸಂಘಗಳು ಸುವರ್ಣ ಮಹೋತ್ಸವ, ವಜ್ರ ಮಹೋತ್ಸವ ಆಚರಿಸಿ ಸ್ಮರಣ ಸಂಚಿಕೆ ತರುತ್ತವೆ; ಅವುಗಳಲ್ಲಿ ದೇಣಿಗೆದಾರರ ಭಾವಚಿತ್ರಗಳಿಗೆ ಕೊರತೆಯಿಲ್ಲ. ಅಡುಗೆಭಟ್ಟನ ಭಾವಚಿತ್ರ ಕಂಡ ನೆನಪು ನನಗಿಲ್ಲ.

ನಮ್ಮ ಸಂಘದ ಕಚೇರಿಯಲ್ಲಿ ಒಂದು ಗಾಜಿನ ಕಪಾಟನ್ನಾದರೂ ಇದಕ್ಕಾಗಿ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ಸೂಚಿಸಿದ್ದೇನೆ. ಓದುಗರು ತಮ್ಮ ಮನೆಯ ಅಟ್ಟದಲ್ಲಿರುವ ಇಂತಹ ವಸ್ತುಗಳನ್ನು ಕೊಡಬಹುದು, ಕೊಡಲು ಮನಸ್ಸಿಲ್ಲದವರು ಛಾಯಾಚಿತ್ರ ಕಳುಹಿಸಬಹುದು. ಜೊತೆಗೆ ಒಂದು ಕಾಗದದಲ್ಲಿ ಅದನ್ನು ಮಾಡಿದವರ ಇಲ್ಲವೇ ಬಳಸಿದವರ ಹೆಸರು, ಅವರ ಊರು, ಅವರು ಮುಂಬಯಿಗೆ ಬಂದ ವರ್ಷ, ಈ ಮೂರನ್ನೂ ದಯಮಾಡಿ ಬರೆಯಬೇಕು.