ಯಾವ ತಂದೆತಾಯಿಗಳ ಹಕ್ಕು?



‘ಮಕ್ಕಳು ನಮ್ಮವು. ಅವರಿಗೆ ಶಾಲೆಯಲ್ಲಿ ಏನು ಕಲಿಸಬೇಕು, ಏನು ಉಣ್ಣಿಸಬೇಕು ಅನ್ನೋದನ್ನ ನಾವು ಹೇಳ್ತೀವಿ, ಸರ್ಕಾರ ಅಲ್ಲ.’ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕೇಳೋದಕ್ಕೆ ನ್ಯಾಯವಾಗಿಯೇ ಇದೆ. ಹೆತ್ತವರಿಗೆ ಇಲ್ಲದ ಹಕ್ಕು ಇನ್ಯಾರಿಗೆ? ಆದರೆ ಕೇರಿಯಿಂದ ಬಂದು ಹಾಸ್ಟೆಲಿನಲ್ಲಿ ಓದುತ್ತಿರುವ ನಾವು ಒಂದು ಪ್ರಶ್ನೆ ಕೇಳಲೇಬೇಕು. ಈ ‘ತಂದೆತಾಯಿಗಳು’ ಅನ್ನೋ ಮಾತಿನಲ್ಲಿ ನಮ್ಮ ಅವ್ವ ಅಪ್ಪ ಇದ್ದಾರೆಯೇ?

ಈ ಜಗಳ ಇವತ್ತಿನದಲ್ಲ. 1856ರ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಒಬ್ಬ ಹುಡುಗನನ್ನು ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಮುಂಬಯಿ ಸರ್ಕಾರಕ್ಕೆ ಅರ್ಜಿ ಹೋಯಿತು. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಸರ್ಕಾರ ಒಪ್ಪಿಕೊಂಡಿತು. ಒಪ್ಪಿಕೊಂಡೂ ಬಾಗಿಲು ತೆರೆಯಲಿಲ್ಲ. ಇವನೊಬ್ಬನನ್ನು ಒಳಗೆ ಬಿಟ್ಟರೆ ಶಾಲೆ ಉಳಿದ ಜನಕ್ಕೆ ಉಪಯೋಗಕ್ಕೆ ಬಾರದಂತಾಗುತ್ತದೆ ಎಂಬುದು ಅದರ ವಾದ. ಆ ಹುಡುಗನನ್ನೂ ಒಬ್ಬ ತಾಯಿ ಹೆತ್ತಿದ್ದಳಲ್ಲ, ಅವಳ ಇಷ್ಟವನ್ನು ಯಾರು ಕೇಳಿದರು? 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಲಂಡನ್ನಿನಿಂದ ಬರೆದರು. 1882ರ ಹಂಟರ್ ಆಯೋಗ ಆ ತತ್ವವನ್ನು ಒಪ್ಪಿ, ಜಾರಿಗೆ ತರುವಾಗ ಜೋಪಾನ ಎಂದಿತು. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗದ ಮುಂದೆ ಇಟ್ಟ ಹೇಳಿಕೆಯಲ್ಲಿ ಈ ಕತೆಯನ್ನು ಬಿಡಿಸಿ ಹೇಳಿದರು. ತತ್ವ ಕಾಗದದಲ್ಲಿತ್ತು, ನಮ್ಮ ಮಕ್ಕಳು ಬಾಗಿಲ ಹೊರಗಿದ್ದರು.

ಈಗಿನ ಕಾಲಕ್ಕೆ ಬನ್ನಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ, ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾಯಿತು. ಅಲ್ಲಿನ ಮಕ್ಕಳಲ್ಲಿ ರಕ್ತ ಇಲ್ಲ, ಮೈಯಲ್ಲಿ ಕಸುವಿಲ್ಲ ಅನ್ನೋದೇ ಕಾರಣ. ಕೆಲವು ಮಠಾಧೀಶರು ಬೀದಿಗಿಳಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿ ಕೊಡ್ತೀವಿ ಅಂದರೂ ಕೇಳಲಿಲ್ಲ. ಶಾಲೆಯೊಳಗೆ ಮೊಟ್ಟೆಯೇ ಬರಬಾರದು ಅಂದರು. ಹಾಗಿದ್ದೂ ಮೊಟ್ಟೆ ಮುಂದಿನ ವರ್ಷ ರಾಜ್ಯದ ಉಳಿದ ಜಿಲ್ಲೆಗಳಿಗೂ ಬಂತು, 2024ರಲ್ಲಿ ವಾರಕ್ಕೆ ಆರು ದಿನವಾಯಿತು. 2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಶಾಲೆ ಪಕ್ಕ ಗುಡಿ ಇದೆ, ಮೊಟ್ಟೆ ಬೇಯಿಸಕೂಡದು ಎಂದು ಕೆಲವರು ತಮ್ಮ ಮಕ್ಕಳ ಟಿ.ಸಿ. ಕೇಳಿದರು.

ತಮ್ಮ ಮಗುವಿಗೆ ಬೇಡ ಅನ್ನುವ ಹಕ್ಕು ಅವರಿಗಿದೆ, ನಾವು ಇಲ್ಲ ಅನ್ನೋದಿಲ್ಲ. ಆದರೆ ಕೂಲಿಗೆ ಹೋದ ತಾಯಿಯ ಮಗುವಿನ ತಟ್ಟೆಯಿಂದಲೂ ಮೊಟ್ಟೆ ತೆಗೆಯಿರಿ ಅನ್ನೋದು ಯಾವ ಹಕ್ಕು? ಆ ತಾಯಿ ತಾಯಿಯಲ್ಲವೇ?

ತಟ್ಟೆಯ ಮಾತು ಬಂದರೆ ಬಡಿಸುವ ಕೈಯ ಮಾತೂ ಬರುತ್ತದೆ. ಬಿಸಿಯೂಟದ ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ, ಆದಿವಾಸಿಗಳಿಗೆ ಮೊದಲ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. ಆದರೂ 2021ರಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯಲ್ಲಿ ದಲಿತ ಹೆಂಗಸು ಮಾಡಿದ ಅಡುಗೆಯನ್ನು ಸವರ್ಣೀಯರ ಮಕ್ಕಳು ಮುಟ್ಟಲಿಲ್ಲ. ಅಧಿಕಾರಿಗಳು ಕೆಲಸದಿಂದ ತೆಗೆದದ್ದು ಯಾರನ್ನು? ಆ ಹೆಂಗಸನ್ನೇ! ದೇಶದಲ್ಲೆಲ್ಲ ಗದ್ದಲವಾದ ಮೇಲೆ ಮತ್ತೆ ತಗೊಂಡರು. ಧಾರವಾಡದ ವಾದ ಸತ್ತಿಲ್ಲ.

ಹಾಗಾದರೆ ಸರ್ಕಾರವೇ ನಮ್ಮ ಬಂಧುವೇ? ಆ ಭ್ರಮೆ ಬೇಡ. 2022ರಲ್ಲಿ ಪರಿಷ್ಕರಿಸಿದ ಪಠ್ಯಪುಸ್ತಕದಲ್ಲಿ ಅಂಬೇಡ್ಕರ್ ಅವರಿಗಿದ್ದ ‘ಸಂವಿಧಾನ ಶಿಲ್ಪಿ’ ಎಂಬ ಮಾತೇ ಮಾಯವಾಗಿತ್ತು. ಜನ ರೇಗಿದ ಮೇಲೆ ಸೇರಿಸ್ತೀವಿ ಅಂದರು. ದೇವನೂರ ಮಹಾದೇವ ಅವರು ಹತ್ತನೇ ತರಗತಿಯಲ್ಲಿದ್ದ ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನೇ ವಾಪಸ್ ಪಡೆದರು. 2023ರಲ್ಲಿ ಸರ್ಕಾರ ಬದಲಾಯಿತು, ಜೂನ್ ತಿಂಗಳಲ್ಲಿ ಪಾಠಗಳೂ ಬದಲಾದವು, ಸಾವಿತ್ರಿಬಾಯಿ ಫುಲೆ ಒಳಗೆ ಬಂದರು. ನಮಗೆ ಸಂತೋಷವೇ. ಆದರೆ ಓಟಿನ ಜೊತೆ ಬರುವ ಪಾಠ ಓಟಿನ ಜೊತೆಗೇ ಹೋಗುತ್ತದೆ. ಎರಡು ಸಲವೂ ನಮ್ಮ ಕೇರಿಯ ಯಾವ ತಾಯಿಯನ್ನೂ ಯಾರೂ ಕೇಳಲಿಲ್ಲ.

ಇನ್ನು ಕೆಲವರು ‘ಜಾತಿ ಸೂಕ್ಷ್ಮ ವಿಷಯ, ಎಳೆ ಮಕ್ಕಳ ತಲೆಗೆ ಯಾಕೆ ತುಂಬ್ತೀರಿ’ ಅಂತಾರೆ. ನಮ್ಮ ಎಳೆ ಮಕ್ಕಳ ಬೊಗಸೆಗೆ ಮೇಲಿಂದ ನೀರು ಹುಯ್ಯುವಾಗ ಈ ಸೂಕ್ಷ್ಮ ಎಲ್ಲಿತ್ತು ಸ್ವಾಮಿ? ನಾವು ಜಾತಿಯನ್ನು ಪುಸ್ತಕದಿಂದ ಕಲಿಯಲಿಲ್ಲ. ಅದು ತಪ್ಪು ಅನ್ನೋದನ್ನಾದರೂ ಪುಸ್ತಕ ಹೇಳಲಿ.

ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ. ನಮ್ಮಲ್ಲೂ ಹದಿನೈದರ ಹುಡುಗಿಯನ್ನು ಶಾಲೆ ಬಿಡಿಸಿ, ‘ನನ್ನ ಮಗಳು, ನನ್ನಿಷ್ಟ’ ಎಂದು ಮದುವೆ ಮಾಡುವ ಅಪ್ಪಂದಿರಿದ್ದಾರೆ. ಅಲ್ಲಿ ನಾವು ಅಪ್ಪನ ಹಕ್ಕಿನ ಪರ ನಿಲ್ಲುವುದಿಲ್ಲ, ಹುಡುಗಿಯ ಪರ, ಕಾನೂನಿನ ಪರ ನಿಲ್ಲುತ್ತೇವೆ. ಆದ್ದರಿಂದ ನಮ್ಮ ಅಳತೆಗೋಲು ಒಂದೇ: ಮಗುವಿನ ಹೊಟ್ಟೆ, ಮಗುವಿನ ಬುದ್ಧಿ, ಮಗುವಿನ ಮಾನ. ಇದನ್ನು ಕಾಯುವವರು ತಂದೆತಾಯಿಯಾದರೂ ಸರಿ, ಸರ್ಕಾರವಾದರೂ ಸರಿ, ನಾವು ಅವರ ಜೊತೆ.

ಸಂವಿಧಾನದ 28ನೇ ವಿಧಿ ತೆಗೆದು ನೋಡಿ. ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವಿಗೆ ಧರ್ಮಬೋಧೆ ಮಾಡುವಂತಿಲ್ಲ. ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಂತೂ ಧರ್ಮಬೋಧೆಯೇ ಕೂಡದು. ತಮ್ಮ ಮಗುವಿನ ಮೇಲೆ ಹೇರಬೇಡಿ ಎನ್ನಲು ಇದು ಹೆತ್ತವರಿಗೆ ಕೊಟ್ಟ ಗುರಾಣಿ. ಪಕ್ಕದ ಮಗುವನ್ನು ಹೊಡೆಯಲು ಕೊಟ್ಟ ದೊಣ್ಣೆಯಲ್ಲ.

ಕೋಪ ಮಾಡಿಕೊಂಡು ಸುಮ್ಮನೆ ಕೂತರೆ ಆಗದು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಅವಕಾಶ ವಂಚಿತ ಮಕ್ಕಳ ಪೋಷಕರಿಗೆ ಅವರ ಲೆಕ್ಕಕ್ಕೆ ತಕ್ಕ ಪಾಲಿರಬೇಕು. ನಿಮ್ಮೂರ ಸಮಿತಿಯಲ್ಲಿ ಕೇರಿಯವರು ಎಷ್ಟು ಜನ? ಇದ್ದರೂ, ಮನೆಗೆ ಕಳಿಸಿದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುವುದಷ್ಟೇ ಅವರ ಕೆಲಸವೇ?

ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಸಮಿತಿಯ ಪಟ್ಟಿ ಕೇಳಿ ಓದಿ. ನಡಾವಳಿ ಪುಸ್ತಕ ತೆಗೆಸಿ ಅವ್ವನಿಗೆ ಓದಿ ಹೇಳಿ. ಸಭೆಯ ದಿನ ಅವ್ವನನ್ನು ಕರಕೊಂಡು ಹೋಗಿ, ನೆಲದ ಮೇಲಲ್ಲ, ಕುರ್ಚಿಯ ಮೇಲೆ ಕೂರಿಸಿ. ‘ನನ್ನ ಮಗೀಗೆ ಮೊಟ್ಟೆ ಬೇಕು, ಪಾಠದಾಗೆ ಅಂಬೇಡ್ಕರಪ್ಪ ಬೇಕು’ ಅಂತ ಆಕೆ ಬಾಯಿಬಿಟ್ಟು ಹೇಳಲಿ, ಅದನ್ನು ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.

ತಂದೆತಾಯಿಗಳ ಹಕ್ಕು ಅಂದರೆ ಇದೂ ಹೌದು ಅಂತ ಊರಿಗೆ ಗೊತ್ತಾಗಲಿ.

ಜೈ ಭೀಮ್.